ಹೊರಗಿನ ಹಲಗೆಯ ಗ್ಲಾಸು

ರೋಗ ಬಂದಾಗಲೇ ಮನುಷ್ಯರ ನಿಜ ಬುದ್ಧಿ ಹೊರಬೀಳುತ್ತದೆ. ಆಗ ಸಿಟ್ಟಿಗೇಳಬೇಕೋ ನಗಬೇಕೋ ತಿಳಿಯುವುದಿಲ್ಲ.

ಸೂರತ್ತಿನಲ್ಲಿ ಪ್ಲೇಗ್ ಎಂಬ ಸುದ್ದಿ ಬಂದ ವರ್ಷ ಕಾಗವಾಡದ ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮವು ಮೂರು ಅಂಗಡಿ: ನನ್ನ ಬಾಡಿಗೆ ಸೈಕಲ್, ಪಕ್ಕದಲ್ಲಿ ಸಲೂನ್, ಎದುರಿಗೆ ಚಾದ ಹೋಟೆಲ್. ಆ ಹೋಟೆಲಿನ ಹೊರಗೋಡೆಗೆ ಒಂದು ಹಲಗೆ. ಅದರ ಮೇಲೆ ನಮ್ಮ ಕೇರಿಯವರ ಗ್ಲಾಸು. ನಾವು ಹೊರಗೇ ನಿಂತು ಕುಡಿದು, ನಾವೇ ತೊಳೆದಿಡಬೇಕು. ಆ ಹಲಗೆ ಕೀಳಿಸಲು ನಾನು ಜಗಳವಾಡದ ದಿನವಿರಲಿಲ್ಲ.

ಅಂಗಡಿ ಮುಚ್ಚಿರಿ ಎಂದು ಪಂಚಾಯಿತಿಯವರು ಬಂದಾಗ ಮಾತ್ರ ಮೂವರೂ ಒಂದಾದೆವು. ಮುಚ್ಚುವುದಿಲ್ಲ, ಕೆಲಸದ ರೀತಿ ಬದಲಿಸುತ್ತೇವೆ ಎಂದೆವು. ಬದಲಿಸಿದೆವು ಕೂಡ.

೧. ಸೈಕಲ್

ಸೈಕಲ್ ಕೊಡುವ ಮುಂಚೆ ಹಿಡಿಕೆಯನ್ನು ಫಿನೈಲ್ ಬಟ್ಟೆಯಿಂದ ಒರೆಸುತ್ತಿದ್ದೆ. ಉಗಾರಕ್ಕೆ ಹೊರಟ ಮಾಸ್ತರರು, "ಸೀಟೂ ಒರಸಪಾ" ಅಂದರು. ಒರೆಸಿದೆ. ಒಣಗುವ ಮೊದಲೇ ಹತ್ತಿ ಹೋದರು. ಸಂಜೆ ನಿಂತುಕೊಂಡೇ ಪೆಡಲ್ ತುಳಿಯುತ್ತ ವಾಪಸ್ ಬಂದರು.

"ಯಾಕ್ರಿ ಸರ?"

"ಪ್ಲೇಗ್ ಬರ್ಲಿಲ್ಲ ಬಿಡು. ಕುಂಡ್ರಾಕ ಬರವಲ್ತು."

೨. ಸಲೂನ್

ಸಲೂನಿನವನು ಕತ್ತರಿ, ಕತ್ತಿ ಎಲ್ಲ ಕುದಿಸತೊಡಗಿದ. ಟವೆಲ್ ಮನೆಯಿಂದಲೇ ತರಬೇಕೆಂದ. ಬೇಡಕಿಹಾಳದ ಒಬ್ಬ ಕಾಕಾ ಆ ಟವೆಲನ್ನೇ ಮೂಗು, ಬಾಯಿ, ಗದ್ದಕ್ಕೆಲ್ಲ ಬಿಗಿದುಕೊಂಡು ಕುರ್ಚಿಯಲ್ಲಿ ಕೂತ.

"ಟವೆಲ್ ಬಿಚ್ಚಂಗಿಲ್ಲ. ಹಿಂಗ ದಾಡಿ ಮಾಡು."

"ದಾಡಿ ಒಳಗ ಐತಲ್ರಿ ಕಾಕಾ."

"ಹಂಗಾರ ಕಟಿಂಗರ ಮಾಡು" ಎಂದು ರುಮಾಲು ತೆಗೆದ. ಬಟಾಬಯಲು ತಲೆ.

ಸಲೂನಿನವನು ಕತ್ತರಿ ಕೆಳಗಿಟ್ಟ. "ಕಾಕಾ, ಇಲ್ಲಿ ಪ್ಲೇಗ್ ಮೊದಲ ಬಂದ್ ಹೋಗೇತ್ರಿ."

೩. ಹೋಟೆಲ್

ಹೋಟೆಲಿನವನು ಒಳಗಿನ ಗ್ಲಾಸುಗಳನ್ನೆಲ್ಲ ಒಂದೇ ಪಾತೆಲೆಯಲ್ಲಿ ಕುದಿಸುತ್ತಿದ್ದ. ಐನಾಪುರದ ದ್ರಾಕ್ಷಿ ತೋಟದ ಸಾವಕಾರರು ಬಂದರು. ಹಲಗೆ ತೆಗೆದರೆ ಈ ಹೋಟೆಲಿಗೆ ಕಾಲಿಡುವುದಿಲ್ಲ ಎಂದು ನನ್ನೆದುರೇ ಹೇಳಿದ್ದವರು. ಪಾತೆಲೆಯೊಳಗೆ ಇಣುಕಿ ಮೂಗು ಮುರಿದರು.

"ಇವು ಊರ ಮಂದಿ ಎಂಜಲ. ಹೊರಗ ಬಿಸಿಲಾಗ ಒಣಗ್ಯಾವಲ್ಲ, ಅದ್ರಾಗ ಕೊಡು."

ಹೋಟೆಲಿನವನ ಕೈ ನಿಂತಿತು. "ಅವು... ಅವರವು, ಸಾವಕಾರ್ರ."

"ಯಾರವಾದ್ರೂ ಇರ್ಲಿ. ಅವ್ರು ಬೂದಿ ಹಚ್ಚಿ ತಿಕ್ಕಿ ತೊಳೀತಾರ, ದಿನಾ ನೋಡೇನಿ."

ನಾನು ಎದುರಿಗೆ ಹೋಗಿ ನಿಂತೆ. "ಕುಡೀರಿ. ಆದ್ರ ಕುಡದು ನೀವ ತೊಳದಿಡಬೇಕು. ಆ ಗ್ಲಾಸಿನ ಪದ್ಧತಿ ಐತಿ ಅದು."

ಕುಡಿದರು. ಕುಕ್ಕರಗಾಲಲ್ಲಿ ಕೂತು ಬೂದಿ ಹಚ್ಚಿ ತೊಳೆದೂ ಇಟ್ಟರು. ಅವರನ್ನು ನೋಡಿ ಉಳಿದ ದೊಡ್ಡವರಿಗೂ ಹಲಗೆಯ ಗ್ಲಾಸೇ ಬೇಕಾಯಿತು. ನಮಗೆ ಒಂದೂ ಉಳಿಯಲಿಲ್ಲ. ನಾವು ಎದೆ ಸೆಟೆಸಿ ಒಳಗೆ ಹೋಗಿ ಬೆಂಚಿನ ಮೇಲೆ ಕೂತು, ಕುದಿಸಿದ ಗ್ಲಾಸಿನಲ್ಲಿ ಚಾ ಕುಡಿದೆವು.

ಮರುದಿನ ನೋಡಿದರೆ ಗೋಡೆಯಲ್ಲಿ ಬರೀ ಮೊಳೆ.

"ಹಲಗಿ ಎಲ್ಲಿ?" ಎಂದೆ.

"ಒಳಗ ಬಡದೇನಿ. ದೊಡ್ಡ ಮಂದಿ ಗ್ಲಾಸು ಹೊರಗಿಡಾಕ ಬರತೈತೇನೋ ತಮ್ಮಾ? ಮರ್ಯಾದಿ ಏನ ಉಳೀತೈತಿ?" ಎಂದ ಹೋಟೆಲಿನವನು.