ಮಾವನ ಅಂಗೈ ಮತ್ತು ಪರ್ಸಿ ಪೆಟ್ಟಿಗೆ

ನಮ್ಮ ಸೋದರಮಾವನಿಗೆ ಬಿಸಿ ಎಂದರೇನೆಂದು ಗೊತ್ತೇ ಇಲ್ಲ. ನಂಬಿಕೆ ಬರದಿದ್ದರೆ ಒಲೆಯ ಮೇಲಿನ ಹಂಚನ್ನು ಅವನ ಕೈಗೆ ಕೊಟ್ಟು ನೋಡಿ. ಅದನ್ನು ಹಿಡಿದುಕೊಂಡೇ ನಿಮ್ಮ ಮಕ್ಕಳ ಓದು ಎಲ್ಲಿಗೆ ಬಂತೆಂದು ವಿಚಾರಿಸುತ್ತಾನೆ! ಶಹಾಬಾದಿನ ಗಣಿಗಳಲ್ಲಿ ನಲವತ್ತು ವರ್ಷ ನೆಲಕ್ಕೆ ಹಾಸುವ ಪರ್ಸಿ ಕಲ್ಲು ಸೀಳಿ, ಎತ್ತಿ, ಜೋಡಿಸಿ ಅವನ ಅಂಗೈಯೇ ಪರ್ಸಿಯಾಗಿಬಿಟ್ಟಿದೆ.

ಕಲ್ಲಿನ ಮೇಲೆ ಅವನಿಗಿರುವ ನಂಬಿಕೆ ದೇವರ ಮೇಲೂ ಇಲ್ಲ. ಮನೆಯ ನೆಲ, ಮಾಡು, ಕಪಾಟು, ಟಿವಿ ಇಡುವ ಕಟ್ಟೆ ಎಲ್ಲವೂ ಪರ್ಸಿಯೇ. ನನ್ನ ಮದುವೆಗೆ ಅವನು ಕೊಟ್ಟ ಉಡುಗೊರೆಯೂ ಪರ್ಸಿಯ ಊಟದ ಟೇಬಲ್ಲು. ಅದನ್ನು ಇಳಿಸಿಕೊಟ್ಟ ಟಂಟಂ ಆಟೊದವನು ಇವತ್ತಿಗೂ ನನ್ನನ್ನು ಕಂಡರೆ ಸೊಂಟ ಹಿಡಿದುಕೊಳ್ಳುತ್ತಾನೆ.

ಹೀಗಿರುವಾಗ ಅತ್ತೆಯ ಪುಪ್ಪುಸಗಳು ಸೋತವು. ಗಾಳಿಯಿಂದ ಆಮ್ಲಜನಕ ಸೋಸಿಕೊಡುವ ಯಂತ್ರವೊಂದು ಮನೆಗೆ ಬಂತು. ಅದರ ನಳಿಗೆ ಮೂಗಿನಲ್ಲಿದ್ದರೆ ಅತ್ತೆ ನಗುತ್ತಾಳೆ, ತೆಗೆದರೆ ಸ್ವಲ್ಪ ಹೊತ್ತಿಗೆ ತುಟಿ ನೀಲಿಯಾಗುತ್ತದೆ. ಯಂತ್ರಕ್ಕೆ ಕರೆಂಟು ಬೇಕು. ಅಲ್ಲಿಗೆ ಅತ್ತೆಯ ಲೋಕ ಗೋಡೆಯ ಸಾಕೆಟ್ಟಿನಿಂದ ನಾಲ್ಕು ಮಾರಿಗೆ ನಿಂತಿತು. ಒಂದು ದಿನ ಅವಳು, ಚಿಂಚೋಳಿ ಗುಡ್ಡದ ಬುಡದ ತನ್ನ ತವರನ್ನು ಒಮ್ಮೆ ನೋಡಬೇಕು ಎಂದಳಂತೆ. ಮರುವಾರ ಮನೆ ಮುಂದೆ ಶಾಲೆಯೊಂದರಿಂದ ನಿವೃತ್ತಿ ಹೊಂದಿದ ಹಳದಿ ಟೆಂಪೊ ನಿಂತಿತ್ತು!

ಮಾವ ಸೀಟು ಕಿತ್ತು ಮಂಚ ಹಾಕಿದ. ಮಾಡಿನ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸಿದ. ಹಿಂದಿನ ‘ಮಕ್ಕಳಿದ್ದಾರೆ, ನಿಧಾನ’ ಎಂಬ ಬರಹವನ್ನು ಮಾತ್ರ ಅಳಿಸಲಿಲ್ಲ. ಯಾಕೆಂದು ಕೇಳಿದೆ.

“ಇರ್ಲಿ ಬಿಡು. ನಿಮ್ಮತ್ತಿಗಿ ಯಾರೂ ಧಕ್ಕಾ ಕೊಡಬಾರ್ದು.”

ಕರೆಂಟು ಕೂಡಿಡಲು ಹೈದರಾಬಾದಿನಿಂದ ಹಳೆಯ ಲಿಥಿಯಂ ಸೆಲ್‌ಗಳನ್ನು ತಂದು ತಾನೇ ಜೋಡಿಸಿದ. ಅವನ್ನು ಇಡಲು ಪೆಟ್ಟಿಗೆ ಬೇಕಲ್ಲ? ಯಾವುದರ ಪೆಟ್ಟಿಗೆ ಎಂದು ನೀವು ಕೇಳುವುದೇ ಬೇಡ! ನಾಲ್ಕು ಕಡೆ ಪರ್ಸಿ, ಮೇಲೆ ಪರ್ಸಿಯ ಮುಚ್ಚಳ, ಸಂದಿಗೆಲ್ಲ ಸಿಮೆಂಟು. ಟೆಂಪೊ ಒಂದು ಮಗ್ಗುಲಿಗೆ ವಾಲಿತು. ನಾನು ಸೇಡಂನಲ್ಲಿ ವಿಜ್ಞಾನದ ಮೇಷ್ಟರು. ಬ್ಯಾಟರಿಯ ಶಾಖ ಹೊರಗೆ ಹೋಗಲು ದಾರಿ ಬೇಕು ಎಂದೆ.

“ಕಲ್ಲ ಸುಡ್ತದೇನೋ ಅಳಿಯಾ? ನಿನ್ನ ಬಿಎಸ್ಸಿ ಕಪಾಟಿನ್ಯಾಗ ಇಡು.”

ಕಪಾಟೂ ಪರ್ಸಿಯದೇ ಆದ್ದರಿಂದ ಬಿಎಸ್ಸಿ ಭದ್ರವಾಗಿ ಉಳಿಯಿತು. ನಾನು ಇನ್ನೊಮ್ಮೆ ಹೇಳಲಿಲ್ಲ. ಈಗ ಅನಿಸುತ್ತದೆ, ಯಾಕೆ ಹೇಳಲಿಲ್ಲ?

ಏಪ್ರಿಲ್‌ನ ಒಂದು ಬೆಳಿಗ್ಗೆ ಹೊರಟೆವು. ಇಂಜಿನ್ ಕೆಮ್ಮುತ್ತಿತ್ತು. ಮಂಚದ ಮೇಲಿಂದ ಅತ್ತೆ, “ಛಲೋ ಆಯ್ತು. ನನ್ನ ಜೋಡಿ ಕೆಮ್ಮಲಕ್ಕ ಇದೊಂದು ಸಿಕ್ತು” ಅಂದಳು. ಚಿತ್ತಾಪುರ ದಾಟಿ, ದಂಡೋತಿಯ ಹತ್ತಿರ ಕಾಗಿಣಾ ನದಿ ದಂಡೆಯ ಬೇವಿನ ಮರದ ಪಕ್ಕದಲ್ಲಿ ನಿಂತೆವು. ಪ್ಯಾನೆಲ್‌ಗೆ ಬಿಸಿಲು ಬೇಕಲ್ಲ, ಮರ ನಮಗೆ, ಬಿಸಿಲು ಟೆಂಪೊಗೆ. ಒಳಗೆ ಅತ್ತೆಯ ಯಂತ್ರ ಗುಂಯ್ ಎನ್ನುತ್ತಿತ್ತು.

ಮಾವ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟ. ಸ್ವಲ್ಪ ಬೆಚ್ಚಗಿದೆ ಎಂದ. ನಾನು ಬೆರಳು ತಾಗಿಸಿದವನು ಕಿರುಚಿ ಕೈ ಕೊಡವಿದೆ.

ಇನ್ನು ಹೇಳುವುದನ್ನು ನಮ್ಮ ಕಡೆಯವರಲ್ಲದೆ ಬೇರೆ ಯಾರೂ ಮಾಡಲಿಕ್ಕಿಲ್ಲ. ಬೇಸಿಗೆಯ ಸಂಜೆ ಶಹಾಬಾದಿನ ಯಾವ ಓಣಿಗೆ ಹೋದರೂ ಕಾದ ಪರ್ಸಿಗೆ ಕೊಡಗಟ್ಟಲೆ ನೀರು ಸುರಿಯುತ್ತಿರುತ್ತಾರೆ. ಕಲ್ಲು ಸುಯ್ ಎಂದು ತಣ್ಣಗಾಗುತ್ತದೆ. ಹುಟ್ಟಿದಾಗಿನಿಂದ ಕೇಳಿದ ಸದ್ದು ಅದು.

“ಅಳಿಯಾ, ಒಂದ್ ಕೊಡಾ ನೀರ ತಾ.”

ತಂದೆ. ಸುರಿದವನೂ ನಾನೇ. ವಿಜ್ಞಾನದ ಮೇಷ್ಟರು! ವೈರಿನ ತೂತಿನಿಂದ ನೀರು ಒಳಗೆ ಇಳಿಯುವುದನ್ನು ಕಣ್ಣಾರೆ ನೋಡಿದೆ. ಸುಯ್ ಎಂದಿತು. ಆಮೇಲೆ ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂತೆ ಸದ್ದು. ಆಮೇಲೆ ಬಿಳಿ ಹೊಗೆ. ಪೆಟ್ಟಿಗೆ ಇದ್ದುದು ಬಾಗಿಲ ಬಳಿ, ಅತ್ತೆ ಇದ್ದುದು ಅದರಾಚೆ.

ನಾನು ಖಾಲಿ ಕೊಡ ಹಿಡಿದು ಹಿಂದೆ ಸರಿದೆ. ಮಾವ ಹೊಗೆಯೊಳಕ್ಕೆ ಹೋದ. ಸಿಮೆಂಟು ಬಿಟ್ಟ ಮುಚ್ಚಳ ಎದ್ದೆದ್ದು ಬೀಳುತ್ತಿತ್ತು, ಸಂದಿಯಿಂದ ಬೆಂಕಿ ನಾಲಿಗೆ ಚಾಚುತ್ತಿತ್ತು. ಅವನು ಆ ಕಲ್ಲನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಅತ್ತೆಯನ್ನು ತನ್ನ ಮೇಲಿಂದ ನನ್ನತ್ತ ದೂಡಿದ. ಎಷ್ಟು ಹೊತ್ತು ಹಿಡಿದಿದ್ದನೋ. ನನ್ನ ಲೆಕ್ಕದಲ್ಲಿ ಅವನು ಇನ್ನೂ ಹಿಡಿದೇ ಇದ್ದಾನೆ.

ಅವನು ಹೊರಗೆ ಹಾರಿದ ಮೇಲೆ ಮುಚ್ಚಳ ಎರಡು ಹೋಳಾಯಿತು. ಟೆಂಪೊ ಪೂರ್ತಿ ಉರಿಯಿತು. ಯಂತ್ರವೂ, ತುರ್ತಿಗೆಂದು ತಂದಿದ್ದ ಆಮ್ಲಜನಕದ ಸಣ್ಣ ಸಿಲಿಂಡರೂ ಒಳಗೇ ಉಳಿದಿದ್ದವು. ಸಿಮೆಂಟ್ ಲಾರಿಯೊಂದರ ಚಾಲಕ ನಮ್ಮನ್ನು ಹತ್ತಿಸಿಕೊಂಡು ಚಿತ್ತಾಪುರಕ್ಕೆ ಓಡಿಸಿದ. ದಾರಿಯುದ್ದಕ್ಕೂ ಅತ್ತೆಯ ತುಟಿ ನೀಲಿಯಾಗುತ್ತಲೇ ಹೋಯಿತು. ಮಾವ ಅವಳ ಎದೆ ಏರುವುದನ್ನೇ ನೋಡುತ್ತಿದ್ದ. ಆಸ್ಪತ್ರೆಯಲ್ಲಿ ನಳಿಗೆ ಮೂಗಿಗೆ ಸಿಕ್ಕು ಉಸಿರು ಮರಳಿದ ಮೇಲೆ ಅತ್ತೆಯೇ ಅವನ ಕೈ ತೋರಿಸಿದಳು. ಬಿಸಿಯೇ ತಾಕದ ಆ ಅಂಗೈಯಲ್ಲಿ ಚರ್ಮವಿರಲಿಲ್ಲ.

ಕಳೆದ ವಾರ ಶಹಾಬಾದಿಗೆ ಹೋಗಿದ್ದೆ. ನೀರು ಸುರಿದವನು ನಾನು ಎಂದು ಶುರು ಮಾಡಿದೆ.

“ಸುಮ್ ಕುಂದ್ರು. ತಾ ಅಂದಾಂವ ನಾ.”

ಸಂಜೆಯಾಯಿತು. ಓಣಿಯವರು ತಮ್ಮ ತಮ್ಮ ಕಟ್ಟೆಗೆ ನೀರು ಸುರಿದರು. ಸುಯ್ ಎಂದಿತು, ನಾನು ಬೆಚ್ಚಿದೆ. ಮಾವನ ಮನೆಯಲ್ಲಿ ಈಗ ಯಾರೂ ಸುರಿಯುವುದಿಲ್ಲ. ಅತ್ತೆ ಉದ್ದದ ನಳಿಗೆ ಎಳೆದುಕೊಂಡು ಕಟ್ಟೆಯ ಮೇಲೆ ಕೂರಲು ಹೊಸ್ತಿಲಲ್ಲಿ ಕಾದು ನಿಂತಿದ್ದಳು. ಮಾವ ಬಟ್ಟೆ ಸುತ್ತಿದ ಕೈಯನ್ನು ಮೇಲೆತ್ತಿ, ಮೊಣಕಾಲೂರಿ, ಕಟ್ಟೆಯ ಕಲ್ಲಿಗೆ ಕೆನ್ನೆ ಒತ್ತಿದ. ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಹಾಗೇ ಇದ್ದ. ಇಲ್ಲ ಎಂಬಂತೆ ತಲೆಯಾಡಿಸಿ ಪಕ್ಕದ ಕಲ್ಲಿಗೆ ಸರಿದ. ಅದೂ ಬಿಸಿ. ಮೂರನೆಯದಕ್ಕೆ ಕೆನ್ನೆ ಇಟ್ಟವನು ಏಳದೆಯೇ ಹೇಳಿದ:

“ಇಲ್ಲಿ ಕುಂದ್ರು. ಇದು ತಣ್ಣಗದ.”

ಅತ್ತೆ ಕುಳಿತಳು. ಸೆರಗಿನ ತುದಿ ತೆಗೆದು ಅವನ ಕೆನ್ನೆಯ ದೂಳು ಒರೆಸಿದಳು.