ಏಳನೆಯ ಬೋಗಿಯ ಮಹಾಸಮರ

ಕಲ್ಲಿದ್ದಲನ್ನು ಭಕ್ಷಿಸಿ ಕಾರ್ಮೋಡವನ್ನು ಉಗುಳುತ್ತಿದ್ದ ಲೋಹಗಜಗಳೆಲ್ಲ ಗುಜರಿಗೆ ಸಂದು, ಭೂಮಂಡಲವೇ ನೀರಸ ವಿದ್ಯುತ್ ಎಂಜಿನ್ನುಗಳ ವಶವಾಗಿದ್ದ ಆ ಹೀನಯುಗದಲ್ಲಿ, ಮೈಸೂರಿನ ಸರಸ್ವತೀಪುರಮ್ಮಿನ ಮಹಡಿ ಮನೆಯೊಂದರಲ್ಲಿ ಮಾತ್ರ ಧರ್ಮವು ಇನ್ನೂ ಹಳಿ ತಪ್ಪಿರಲಿಲ್ಲ. ತಾಯೇ ವಾಗ್ದೇವಿ, ವೀಣೆಯನ್ನು ಒಂದು ಗಳಿಗೆ ಗೋಡೆಗೊರಗಿಸಿ, ಕಿರುರೈಲು ಮಿತ್ರಮಂಡಳಿಯ ಹದಿನಾಲ್ಕು ಮಹಾರಥರ ಪರಾಕ್ರಮವನ್ನು ನನ್ನಿಂದ ನುಡಿಸು. ಎಲ್ಲರೂ ಐವತ್ತು ದಾಟಿದವರು. ಅಂಗೈಯಗಲದ ರೈಲುಗಳನ್ನು ಊಟದ ಮೇಜಿನ ಮೇಲೆ ಓಡಿಸಿ, ಮನೆಮಂದಿಯನ್ನೆಲ್ಲ ನೆಲದ ಮೇಲೆ ಉಣ್ಣಲು ಕೂರಿಸಿದ ಲೋಕೋಪಕಾರಿಗಳು.

ಅಂದು ಮಂಡಳಿಯ ವಾರ್ಷಿಕ ಚಿತ್ರಸಂಜೆ. ಒಂದೇ ಸೇತುವೆಯನ್ನು ಮೂರು ದಿಕ್ಕಿನಿಂದ ತೋರಿಸುವ ಫಿಲಮುಗಳು ಮುಗಿದ ಮೇಲೆ ಎದ್ದು ನಿಂತವರು ಆ ಮನೆಯ ಯಜಮಾನರು, ಪ್ರೊಜೆಕ್ಟರ್‌ಧುರಂಧರರು, ಸ್ಲೈಡುಸಹಸ್ರಸಂಗ್ರಾಹಕರು, ನಿವೃತ್ತ ಭೂಗೋಳದ ಮೇಷ್ಟ್ರು ಗೋಪಾಲರಾಜೇ ಅರಸರು. ಇಪ್ಪತ್ತೊಂಬತ್ತು ವರ್ಷಗಳ ಹಿಂದೆ ನಂಜನಗೂಡಿನ ದಾರಿಯಲ್ಲಿ ಓಡಿದ ಕಡೆಯ ಉಗಿರೈಲನ್ನು, ಎಂಜಿನ್ನು ಮೊದಲ್ಗೊಂಡು ಏಳನೆಯ ಬೋಗಿಯವರೆಗೆ, ಬೋಗಿಗೊಂದು ಚಿತ್ರದಂತೆ ಸೆರೆಹಿಡಿದ ಏಕಮೇವ ಪುರುಷನು ತಾನೇ ಎಂದು ಅವರು ಗರ್ಜಿಸಿದರು. ಪೂರ್ಣ ರೈಲನ್ನು ತಂದವನೆಂಬ ಬಿರುದು ಮಂಡಳಿಯಲ್ಲಿ ಈತನಕ ಯಾರಿಗೂ ದಕ್ಕಿರಲಿಲ್ಲ. ಅದಕ್ಕಾಗಿ ಅರಸರು ಒಂದು ವಾರದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಆದರೆ ಬಿರುದನ್ನು ಕೊಡುವ ಅಧಿಕಾರ ಇದ್ದದ್ದು ನಿವೃತ್ತ ಸ್ಟೇಷನ್ ಮಾಸ್ಟರ್ ಬೋರಲಿಂಗಯ್ಯನವರಿಗೆ. ರೈಲಿನ ಕಡೆಯ ಬೋಗಿಯ ಬೆನ್ನಿಗೆ ಎಲ್‌ವಿ, ಅಂದರೆ ಲಾಸ್ಟ್ ವೆಹಿಕಲ್, ಎಂಬ ಬೋರ್ಡು ಇರುತ್ತದೆ. ಅದನ್ನು ಕಣ್ಣಾರೆ ಕಾಣದೆ ರೈಲು ಬಂತೆಂದು ಯಾವ ಸ್ಟೇಷನ್ ಮಾಸ್ಟರೂ ಒಪ್ಪುವಂತಿಲ್ಲ. ಈ ನಿಯಮವನ್ನು ಮಂಡಳಿಯು ಸ್ಲೈಡುಗಳಿಗೂ ಅನ್ವಯಿಸಿಕೊಂಡಿತ್ತು. ಬೋರಲಿಂಗಯ್ಯನವರು ‘ರೈಲು ಪೂರ್ತಿ ಬಂತು’ ಎನ್ನುವತನಕ ದೀಪ ಹಾಕುವಂತಿಲ್ಲ, ತಿಂಡಿ ಮುಟ್ಟುವಂತಿಲ್ಲ.

ಎಂಜಿನ್ನು ಬಂತು, ಒಂದು, ಎರಡು, ಹೀಗೆ ಆರು ಬೋಗಿಗಳು ಬಂದವು. ಆಮೇಲೆ ಪರದೆ ಬೆಳ್ಳಗಾಯಿತು.

“ಏಳನೇದು ಎಲ್ಲಿ ಸಾರ್?” ಎಂದರು ಬೋರಲಿಂಗಯ್ಯ.

“ಅಷ್ಟೇ ಮಾಸ್ಟ್ರೇ. ಏಳನೇದೂ ಆರನೇದರ ಥರಾನೇ ಇತ್ತು,” ಎಂದರು ಅರಸರು. ಅವರ ಧ್ವನಿಯ ಗುಡುಗು ಎಲ್ಲಿಗೋ ಹೋಗಿತ್ತು.

“ಹಂಗಂದ್ರೆ ಹೆಂಗೆ? ಬೋಗಿ ದಾರೀಲಿ ಕಳಚ್ಕೊಂಡು ನಿಂತಿದ್ರೆ? ಹಿಂದೆ ಬರೋ ಗಾಡಿ ಬಂದು ಗುದ್ದಿದ್ರೆ ಯಾರು ಜವಾಬ್ದಾರಿ?”

ಹಿಂದೆ ಬರಬೇಕಿದ್ದ ಆ ಗಾಡಿ ಇಪ್ಪತ್ತೊಂಬತ್ತು ವರ್ಷಗಳ ಹಿಂದೆಯೇ ಬಂದು ಹೋಗಿದೆಯೆಂದು ಹೇಳುವ ಬುದ್ಧಿ ಹದಿನಾಲ್ಕು ಮಂದಿಯಲ್ಲಿ ಒಬ್ಬರಿಗೂ ಬರಲಿಲ್ಲ. ಸಭೆ ಎರಡು ಬಣವಾಯಿತು. ಒಬ್ಬರ ಕನ್ನಡಕ ನೆಲಕ್ಕೆ ಬಿತ್ತು, ಅದನ್ನು ಇನ್ನೊಬ್ಬರು ತುಳಿದರು. ಹೀಗೆ ಮುಕ್ಕಾಲು ಗಂಟೆ ಆ ವೀರರು ಸ್ವಿಚ್ಚಿಗೆ ಎರಡಡಿ ದೂರದಲ್ಲಿ, ಕತ್ತಲೆಯಲ್ಲಿ, ಧರ್ಮಯುದ್ಧ ಮಾಡಿದರು.

ಅಡುಗೆಮನೆಯಿಂದ ಅರಸರ ಮಡದಿ ದೇವಾಜಮ್ಮಣ್ಣಿ ಬಂದರು. “ಬೋಂಡ ಆರಿ ಹೋಗ್ತಿದೆ. ಏನ್ರೀ ನಿಮ್ಮ ಗಲಾಟೆ?”

“ಒಂದು ಸ್ಲೈಡು ಕಮ್ಮಿ ಇದೆ ಅಮ್ಮಾವ್ರೇ,” ಎಂದರು ಬೋರಲಿಂಗಯ್ಯ.

“ಬೀರು ಡ್ರಾಯರ್‌ನಲ್ಲಿ ಸಾಕ್ಸ್ ಕೆಳಗೆ ಒಂದು ಬಿದ್ದಿರತ್ತಲ್ಲ? ತರ್ತೀನಿ ಇರಿ.”

“ಬೇಡ ಕಣೇ!” ಎಂದು ಅರಸರು ಕೂಗುವಷ್ಟರಲ್ಲಿ ಆಕೆ ತಂದಾಗಿತ್ತು, ಬೋರಲಿಂಗಯ್ಯ ಅದನ್ನು ಪ್ರೊಜೆಕ್ಟರಿಗೆ ತುರುಕಿಯೂ ಆಗಿತ್ತು.

ಪರದೆಯ ಮೇಲೆ ಏಳನೆಯ ಬೋಗಿ ಬೆಳಗಿತು. ಅದರ ಬೆನ್ನಿಗೆ, ಬೋರ್ಡಿಗೆ ಸರಿಯಾಗಿ ಅಡ್ಡಲಾಗಿ, ಟಿಫಿನ್ ಕ್ಯಾರಿಯರ್ ಹಿಡಿದು ಹೊಸ ಮದುವಣಗಿತ್ತಿಯೊಬ್ಬಳು ನಗುತ್ತಿದ್ದಳು. ಸಭೆ ಅಯ್ಯೋ ಎಂದಿತು, ಬೋರ್ಡಿಗಾಗಿ. ಬೋರಲಿಂಗಯ್ಯ ಪರದೆಗೆ ಮೂಗು ತಾಗುವಂತೆ ನಿಂತು ಹುಡುಕಿದರು.

“ಇಲ್ಲಿ! ಮೊಣಕೈ ಪಕ್ಕ ಅರ್ಧ ಅಕ್ಷರ ಕಾಣ್ತಿದೆ. ರೈಲು ಪೂರ್ತಿ ಬಂತು!”

ಜಯಘೋಷ ಮುಗಿಲು ಮುಟ್ಟಿತು. ಅದು ಇಳಿದ ಮೇಲೆ ದೇವಾಜಮ್ಮಣ್ಣಿಯ ಮಾತು ಕೇಳಿಸಿತು.

“ಆವತ್ತಿನ ಫೋಟೋ ಒಂದೂ ಬಂದಿಲ್ಲ, ರೋಲೇ ಹಾಳಾಯ್ತು ಅಂದಿದ್ರಲ್ರೀ. ಎಷ್ಟು ಸಲ ಕೇಳಿದ್ದೆ ನಾನು.”

ನನ್ನ ಸಮಾಸಗಳು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಆ ಚಿತ್ರದಲ್ಲಿ ಆಕೆ ಬಹಳ ಚೆನ್ನಾಗಿದ್ದರು, ಆ ಸಂಜೆಯತನಕ ಅದು ಆಕೆಗೆ ಗೊತ್ತಿರಲಿಲ್ಲ.

“ಅಲ್ವೇ, ನೀನು ಒಂದಡಿ ಪಕ್ಕಕ್ಕೆ ನಿಂತಿದ್ರೆ...” ಎಂದರು ಮಹಾರಥ ಅರಸರು.

ಆಕೆ ದೀಪ ಹಾಕಿದರು, ಬೋಂಡದ ತಟ್ಟೆಯನ್ನು ಮೇಜಿನ ಮೇಲಿಟ್ಟರು, ಪ್ರೊಜೆಕ್ಟರಿನಿಂದ ಸ್ಲೈಡನ್ನು ತೆಗೆದು ಸೆರಗಿನ ಅಂಚಿನಲ್ಲಿ ಒರೆಸಿಕೊಂಡು ಒಳಗೆ ಹೋಗಿ ಕೋಣೆಯ ಚಿಲಕ ಹಾಕಿಕೊಂಡರು.

ಅರಸರು ಆ ಬಾಗಿಲನ್ನೇ ನೋಡುತ್ತಾ ನಿಂತರು. ಬೋರಲಿಂಗಯ್ಯನವರು ಬೋಂಡವನ್ನು ಒಂದು ದವಡೆಗೆ ಸರಿಸಿ, ವರದಿ ಬರೆಯುತ್ತಿದ್ದ ಮಂಡಳಿಯ ಕಾರ್ಯದರ್ಶಿಯ ಕಡೆ ತಿರುಗಿದರು.

“ಕೊನೇ ಬೋಗಿ ಹೋಯ್ತಲ್ಲ ಸಾರ್. ರೈಲು ಬಂದಿಲ್ಲ ಅಂತ ಬರ್ಕೊಳ್ಳಿ.”