ವಿಶ್ವಕೋಶದಲ್ಲಿ ಸುಖಾಗಮನ ಬಯಸುವವರು

ಈ ನಾಡಿನಲ್ಲಿ ಯಾವುದಕ್ಕೆ ಬರ ಬಂದರೂ ಸಂಶೋಧನೆಗೆ ಬಂದಿಲ್ಲ. ನಮ್ಮ ಕಾಲೇಜಿನಲ್ಲೇ ಒಬ್ಬರು ಕಾವ್ಯದಲ್ಲಿ ಬರುವ ಬೆಳದಿಂಗಳ ಮೇಲೆ ವರ್ಷಗಟ್ಟಲೆ ಸಂಶೋಧನೆ ಮಾಡಿ ಡಾಕ್ಟರಾದರು. ಅಷ್ಟೂ ವರ್ಷದಲ್ಲಿ ಒಂದು ದಿನವಾದರೂ ಮಾಳಿಗೆ ಹತ್ತಿ ಚಂದ್ರನನ್ನು ನೋಡಿದ್ದು ನಾನಂತೂ ಕಾಣೆ. ಈಗ ಇನ್ನೊಬ್ಬರು ಆ ಸಂಶೋಧನೆಯ ಮೇಲೆಯೇ ಸಂಶೋಧನೆ ನಡೆಸಿದ್ದಾರೆ. ಇಂಥ ಸಮೃದ್ಧಿಯ ನಡುವೆ ನನಗೊಂದು ದುರ್ಬುದ್ಧಿ ಹುಟ್ಟಿತು. ಅಂತರಜಾಲದಲ್ಲಿ ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ವಿಶ್ವಕೋಶ ಒಂದಿದೆಯಲ್ಲ, ಅದರ ಇಂಗ್ಲಿಷ್ ಆವೃತ್ತಿಯನ್ನು ಯಾರು ಬರೆಯುತ್ತಾರೆ, ಪಗಾರವಿಲ್ಲದೆ ಯಾಕೆ ಬರೆಯುತ್ತಾರೆ ಎಂದು ಪರದೇಶದ ಪಂಡಿತರು ತಲೆ ಕೆಡಿಸಿಕೊಂಡಿದ್ದಾರೆ. ಕನ್ನಡದಂಥ ಭಾಷೆಗಳ ಆವೃತ್ತಿಯ ಕಡೆ ಕಣ್ಣೆತ್ತಿ ನೋಡಿದವರಿಲ್ಲ. ನಾನೇ ಯಾಕೆ ನೋಡಬಾರದು ಅನಿಸಿತು.

ರಾಣೇಬೆನ್ನೂರಿನಲ್ಲಿ ಕನ್ನಡ ಪಾಠ ಹೇಳಿಕೊಂಡಿರುವ ನಾನು ಈ ವಿಷಯ ಹಿಡಿದು ಹಾವೇರಿಯ ಗೈಡ್ ಒಬ್ಬರ ಮನೆಗೆ ಹೋದೆ. ಅವರ ಸಹಿ ಬಿದ್ದರೆ ಪಿಎಚ್.ಡಿ.ಗೆ ನೋಂದಣಿ. ಬೀಳದಿದ್ದರೆ ನನಗಿಂತ ಚಿಕ್ಕವರನ್ನು ‘ಡಾಕ್ಟರ್ ಸಾಹೇಬ್ರ’ ಎಂದು ಕರೆಯುವ ಭಾಗ್ಯ ಮುಂದುವರಿಯುತ್ತದೆ. ಇದರ ಮೇಲೆ ಹಿಂದೆ ಯಾರಾದರೂ ಕೆಲಸ ಮಾಡಿದ್ದಾರೋ ಎಂದು ಕೇಳಿದರು. ಇಲ್ಲ, ಅದಕ್ಕೇ ಮಾಡಬೇಕೆಂದಿದ್ದೇನೆ ಎಂದೆ. “ಯಾರೂ ಮಾಡಿಲ್ಲ ಅಂದ್ರ ಅದಕ್ಕೇನರ ಕಾರಣ ಇರಬೇಕಲ್ರಿ?” ಎಂದರು. ಈ ಲೆಕ್ಕದಲ್ಲಿ ಮೊದಲ ಸಂಶೋಧನೆಯನ್ನು ಎರಡನೆಯವನೇ ಮಾಡಬೇಕು. ನಾನು ಎದ್ದು ಹೋಗದೆ ಕೂತೇ ಇದ್ದುದನ್ನು ನೋಡಿ ಕೊನೆಗೆ ಒಂದು ಷರತ್ತು ಹಾಕಿದರು: “ಇಂಗ್ಲಿಷಿನ್ಯಾಗ ಇಲ್ಲದ್ದು ಕನ್ನಡದಾಗ ಏನೈತಿ, ಅದನ್ನ ತೋರಸ್ರಿ. ಸಹಿ ಹಾಕ್ತೇನಿ.”

ಮನೆಗೆ ಬಂದು ಹೆಂಡತಿಯ ತವರೂರನ್ನು ಹುಡುಕಿದೆ. ‘ಬ್ಯಾಡಗಿ ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು.’ ಇಷ್ಟೇ. ಎಲ್ಲೆಲ್ಲಿಯ ಸಾರನ್ನೋ ಕೆಂಪಗೆ ಮಾಡುವ ಊರಿಗೆ ಸ್ವಂತ ಭಾಷೆಯಲ್ಲಿ ಸಿಕ್ಕ ಗೌರವ ಒಂದು ವಾಕ್ಯ! ಸಿಟ್ಟು ಬಂತು. ನಾನೇ ಬರೆದು ಗೈಡ್‌ಗೆ ತೋರಿಸುವುದೆಂದು ನಿರ್ಧರಿಸಿ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟಿರುವ ಮಾವನವರ ಬಳಿಗೆ ಹೋದೆ. ಕಾಯಿಯ ಘಾಟಿಗೆ ಬರುತ್ತಿದ್ದ ಎರಡು ಸೀನುಗಳ ನಡುವೆ ಸಿಕ್ಕ ಬಿಡುವಿನಲ್ಲಿ ಎಲ್ಲವನ್ನೂ ಕೇಳಿ ಬರೆದುಕೊಂಡೆ. ಈ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ, ಸಿಪ್ಪೆ ಸುಕ್ಕಾಗಿದ್ದಷ್ಟೂ ಮಾಲಿಗೆ ಬೆಲೆ. ವಿಶ್ವಕೋಶಕ್ಕೆ ಏರಿಸಿ, ಒಂದು ಪ್ರತಿ ತೆಗೆಸಿಕೊಂಡು ಮಾವನವರ ಮನೆಯಲ್ಲಿ ಎಲ್ಲರ ಮುಂದೆ ಓದಿದೆ.

ಓದಬಾರದಿತ್ತು. ನಮ್ಮ ಕಡೆ ಅಚ್ಚಾದ ಕಾಗದ ಮನೆಗೆ ಬಂದರೆ ಕೆಳಗಿನಿಂದ ಮೇಲಕ್ಕೆ ಓದುವ ಪದ್ಧತಿ. ಲಗ್ನಪತ್ರಿಕೆಯಲ್ಲಿ ವಧು ಯಾರು, ಮುಹೂರ್ತ ಯಾವಾಗ ಎಂಬುದು ಆಮೇಲೆ. ‘ಸುಖಾಗಮನ ಬಯಸುವವರು’ ಎಂಬಲ್ಲಿ ಯಾರ ಹೆಸರಿದೆ, ಯಾರ ಕೆಳಗಿದೆ ಎಂಬುದು ಮೊದಲು. ನಮ್ಮ ಮದುವೆ ಪತ್ರಿಕೆಯಲ್ಲಿ ಹೆಸರು ಕೆಳಗೆ ಬಿತ್ತೆಂದು ಹೆಂಡತಿಯ ಮೇಡ್ಲೇರಿಯ ಸೋದರಮಾವ ಊಟ ಮಾಡದೆ ಹೋದವರು, ಅದನ್ನು ಇವತ್ತಿಗೂ ಊಟ ಮಾಡುತ್ತಲೇ ನೆನಪಿಸುತ್ತಾರೆ. ಮಾವನವರು ನನ್ನ ಹಾಳೆಯನ್ನು ತಿರುವಿ ಹಿಂಬದಿಯನ್ನೂ ನೋಡಿ, “ಚಲೋ ಬರದೀರಿ ಅಳಿಯಾರ. ಹೆಸರು ಎಲ್ಲ್ಯದಾವ?” ಎಂದರು.

ಆಗ ನಾನು ಕಾಲೇಜಿನಲ್ಲಿ ಪಾಠ ಮಾಡುವಂತೆ ಅಲ್ಲೇ ಒಂದು ಪೀರಿಯಡ್ ತೆಗೆದುಕೊಂಡೆ. ವಿಶ್ವಕೋಶವೆಂದರೆ ನಿಸ್ವಾರ್ಥ ಸೇವೆ, ಅಲ್ಲಿ ಬರೆದವನೂ ತನ್ನ ಹೆಸರು ಹಾಕಿಕೊಳ್ಳುವುದಿಲ್ಲ, ಹೆಸರಿನ ಹಪಹಪಿ ಇದ್ದವರಿಗೆ ಅದು ಜಾಗವಲ್ಲ ಎಂದೆಲ್ಲ ಹೇಳಿದೆ. ಯಾರು ಬೇಕಾದರೂ ತಿದ್ದಬಹುದೆಂಬುದನ್ನೂ ಹೆಮ್ಮೆಯಿಂದಲೇ ಹೇಳಿದೆ. ಅಂಗಡಿಗೆ ಹೊಸದಾಗಿ ಕಂಪ್ಯೂಟರ್ ತಂದಿದ್ದ ಹೆಂಡತಿಯ ತಮ್ಮ ಶಿವಾನಂದ ಬಹಳ ಶ್ರದ್ಧೆಯಿಂದ ಕೇಳಿಸಿಕೊಂಡ. ಕನ್ನಡ ಟೈಪು ಮಾಡುವುದು ಹೇಗೆಂದೂ ಕೇಳಿದ. ಕನ್ನಡಕ್ಕೊಬ್ಬ ಸೇವಕ ಸಿಕ್ಕನೆಂದು ಖುಷಿಯಿಂದ ಕಲಿಸಿಕೊಟ್ಟೆ.

ಮುಂದಿನ ವಾರ ಹಾವೇರಿಯಲ್ಲಿ ಗೈಡ್ ತಮ್ಮ ಕಂಪ್ಯೂಟರಿನಲ್ಲಿ ಪುಟ ತೆರೆದರು. ಅದು ಮೇಲಿನಿಂದ ನಿಧಾನವಾಗಿ ಇಳಿಯತೊಡಗಿತು. ಬಣ್ಣ ಬಂತು, ಸುಕ್ಕು ಬಂತು, ಗೈಡ್ ತಲೆಯಾಡಿಸಿದರು. ಕೊನೆಗೆ ದಪ್ಪಕ್ಷರದಲ್ಲಿ ‘ಸುಖಾಗಮನ ಬಯಸುವವರು’ ಬಂತು. ಎಲ್ಲರಿಗಿಂತ ಮೇಲೆ ಮೇಡ್ಲೇರಿಯ ಸೋದರಮಾವ, ನಂತರ ಮಾವನವರು, ಕಾಕಾಗಳು, ಕಟ್ಟಕಡೆಗೆ ಇನ್ನೂ ಹಲ್ಲು ಮೂಡದ ಶಿವಾನಂದನ ಕೂಸು. ನಾನು ಸಹಿಯ ಆಸೆ ಬಿಟ್ಟೆ. ಗೈಡ್ ಮಾತ್ರ ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಹೆಸರನ್ನು, ಮೇಲಿನ ವಿಷಯಕ್ಕೂ ಕೊಡದಷ್ಟು ಗಮನ ಕೊಟ್ಟು ಓದಿದರು. “ಖರೇ ಐತಿ. ಇದು ಇಂಗ್ಲಿಷಿನ್ಯಾಗ ಇಲ್ಲ ನೋಡ್ರಿ” ಎಂದು ಸಹಿ ಹಾಕಿಯೇಬಿಟ್ಟರು. ಕಾಗದ ಕೊಡುವಾಗ ಒಂದು ಮಾತು ಸೇರಿಸಿದರು: “ಅಲ್ರಿ, ಇದರಾಗ ನಿಮ್ಮ ಹೆಸರ ಕಾಣವಲ್ದಲ್ಲ?”

ಮತ್ತೊಮ್ಮೆ ನೋಡಿದೆ. ಇರಲಿಲ್ಲ. ಸಹಿಯ ಸಂತೋಷ ಬಸ್ಸು ಮೋಟೆಬೆನ್ನೂರು ದಾಟುವಷ್ಟರಲ್ಲಿ ಮುಗಿದುಹೋಗಿತ್ತು. ಮನೆಗೆ ಬಂದವನೇ ಹೆಂಡತಿಯ ಮುಂದೆ ಹಾರಾಡಿದೆ: ಹಲ್ಲಿಲ್ಲದ ಕೂಸಿಗೆ ಇರುವ ಯೋಗ್ಯತೆ ಈ ಮನೆಯ ಅಳಿಯನಿಗಿಲ್ಲವೇ? ಆಕೆ ಹಂಚಿನ ಮೇಲಿನ ರೊಟ್ಟಿಯಿಂದ ಕಣ್ಣು ತೆಗೆಯಲಿಲ್ಲ. “ನೀವ ಹೇಳಿದ್ರಲ್ಲ, ಬರದವರ ಹೆಸರ ಹಾಕಂಗಿಲ್ಲಂತ. ತಮ್ಮ ನಿಮ್ಮ ಮಾತ ಮೀರಲಿಲ್ಲ” ಎಂದಳು.

ಸಂಶೋಧನೆಯ ನಿಖರತೆಯ ದೃಷ್ಟಿಯಿಂದ ಒಂದೇ ಒಂದು ಹೆಸರು ಸೇರಿಸಿದರೆ ತಪ್ಪೇನಿಲ್ಲವೆಂದು ಕಂಪ್ಯೂಟರ್ ಮುಂದೆ ಕೂತೆ. ಪುಟ ತೆರೆಯಿತು. ಅಷ್ಟರಲ್ಲಿ ಯಾವನೋ ಮಹಾನುಭಾವ, ಈ ಹೆಸರುಗಳು ವಿಶ್ವಕೋಶಕ್ಕೆ ತಕ್ಕವಲ್ಲವೆಂದು ಟಿಪ್ಪಣಿ ಬರೆದು, ಸೋದರಮಾವನಿಂದ ಕೂಸಿನವರೆಗೆ ಎಲ್ಲರನ್ನೂ ಅಳಿಸಿಹಾಕಿದ್ದ. ಪಗಾರವಿಲ್ಲದೆ ಹೀಗೆ ಅಳಿಸುವ ಇವನು ಯಾರು, ಇವನಿಗೆ ಈ ಅಧಿಕಾರ ಕೊಟ್ಟವರು ಯಾರು, ಒಂದು ತಾಸು ತಡೆದು ಅಳಿಸಿದ್ದರೆ ಇವನ ಗಂಟೇನು ಹೋಗುತ್ತಿತ್ತು? ಕನ್ನಡದಲ್ಲಿ ಈ ಬಗ್ಗೆ ಆಳವಾದ ಸಂಶೋಧನೆ ಆಗಲೇಬೇಕು. ನನ್ನ ಮೊದಲ ಅಧ್ಯಾಯ ಅವನ ಮೇಲೆಯೇ.